ಬೀರುವಿನ ಕೆಳತುದಿಯಿಂದ ಒಂದು ವಿನಂತಿ

ದೇಹಶಕ್ತಿಯ ಮರ್ಮವನ್ನು ಕಂಡುಹಿಡಿದು, ಸಂಜೆಯ ಉಪನ್ಯಾಸಗಳಲ್ಲಿ ಅದನ್ನು ಧಾರಾಳವಾಗಿ ಹಂಚುತ್ತಿರುವ ಉಪನ್ಯಾಸಕ ಮಹಾಶಯರ ಸನ್ನಿಧಿಗೆ, ಮನೆ ಸಾಮಾನು ಸಾಗಿಸುವ ಕೂಲಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಉಪಚಾರಕ್ಕಲ್ಲ. ಸೊಂಟ ಹಿಡಿದು ಬೋರಲು ಮಲಗಿರುವ ನನಗೆ ಸದ್ಯ ಬೇರೆ ಭಂಗಿ ಸಾಧ್ಯವಿಲ್ಲ.

ಮಾನ್ಯರೇ, ನಾನೂ ನನ್ನ ಭಾವನೂ ಜೊತೆಯಾಗಿ ಬೀರು ಹೊರುವವರು. ಮೆಟ್ಟಿಲು ಹತ್ತುವಾಗ ಮೇಲ್ತುದಿ ಅವರದು, ಕೆಳತುದಿ ನನ್ನದು. ಅವರ ಕೈ ಸಡಿಲಿದರೆ ಬೀರು ಬರುವುದು ನನ್ನ ಎದೆಯ ಮೇಲೆಯೇ. ಅಂಥವರು ತಮ್ಮ ಉಪನ್ಯಾಸ ಕೇಳಿ ಬಂದು, ಅನ್ನವೆಂಬುದು ಮೈಗೆ ಬರೀ ಇಟ್ಟಿಗೆ, ಶಕ್ತಿ ಹುಟ್ಟುವುದು ಮೈಯೊಳಗಿನ ನೀರಿಗೆ ಬೆಳಕು ತಾಗಿದಾಗ ಎಂದು ಸಾರಿ, ಅಂದಿನಿಂದ ಊಟ ಬಿಟ್ಟು ಲಾರಿಯ ಮೇಲೆ ಅಂಗಿ ಬಿಚ್ಚಿ ಕೂರುತ್ತಿದ್ದಾರೆ. ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಾಗೇ ಮನೆಗೆ ಮರಳಿದರೆ ಅವಳು ಅಳುತ್ತಾಳೆಂದು ಅದನ್ನೂ ನಾನೇ ತಿಂದು ತಿಂದು, ಈಗ ಮೆಟ್ಟಿಲ ತಿರುವಿನಲ್ಲಿ ಬೀರು ಹಿಡಿಸಿದರೂ ನಾನು ಹಿಡಿಸುವುದಿಲ್ಲ.

ತಮ್ಮ ಸಿದ್ಧಾಂತದಲ್ಲಿ ಹುಳುಕು ಹುಡುಕಲು ನಾನು ಯಾರು? ಬಿಸಿಲಿನಲ್ಲಿ ಭಾವ ಸಿಂಹದಂತೆಯೇ ಇರುತ್ತಾರೆ, ಮಾತಿನಲ್ಲಿ. ತೊಂದರೆಯೆಲ್ಲ ಮೆಟ್ಟಿಲಿನದು, ಅಲ್ಲಿ ಕಿಟಕಿಯಿಲ್ಲ. ಮೊನ್ನೆ ಎರಡನೆಯ ಮಹಡಿ ದಾಟುತ್ತಿದ್ದಂತೆ, "ಚಾರ್ಜ್ ಮುಗೀತು ಅನ್ಸುತ್ತೆ ಕಣೋ" ಎಂದು ಮೆಲ್ಲಗೆ ಹೇಳಿ ಅವರು ಕುಸಿದು ಕೂತರು. ಬೀರು ನನ್ನನ್ನೂ ಕರೆದುಕೊಂಡು ಕೆಳಗಿಳಿಯಿತು. ಸೊಂಟ ಹೋದರೆ ಹೋಗಲಿ, ಬಿಳಿಚಿದ ಅವರ ಮುಖ ಕಂಡು ನನಗೆ ನಿಜಕ್ಕೂ ಭಯವಾಯಿತು. "ನೀನಾದ್ರೂ ಬುದ್ಧಿ ಹೇಳ್ಬಾರ್ದಾ" ಎಂದು ಅಕ್ಕ ದಿನವೂ ಕೇಳುತ್ತಾಳೆ. ಹೇಳಿದ್ದೇನೆ, ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗಾಗಿದೆ.

ಆದ್ದರಿಂದ ತಾವು ಊರಿನ ಮೆಟ್ಟಿಲುಗಳಿಗೆಲ್ಲ ಕಿಟಕಿ ಕೊರೆಸಬೇಕೆಂದೂ, ನಮ್ಮ ಕೆಲಸ ಮುಗಿಯುವತನಕ ಮುಳುಗದಂತೆ ಸೂರ್ಯನನ್ನು ಒಪ್ಪಿಸಬೇಕೆಂದೂ, ಅದಾಗದಿದ್ದಲ್ಲಿ ಮುಂದಿನ ಉಪನ್ಯಾಸದಲ್ಲಿ ಬೀರು ಹೊರುವವರಿಗೆ ಮಾತ್ರ ಹೊಟ್ಟೆತುಂಬ ಉಣ್ಣುವ ವಿನಾಯಿತಿ ಘೋಷಿಸಬೇಕೆಂದೂ ಬೇಡುತ್ತೇನೆ. ನನ್ನ ಮಾತು ಭಾವನ ಕಿವಿಗೆ ಬೀಳದು, ತಮ್ಮದು ಬೀಳುತ್ತದೆ.

ಮಲಗಿದಲ್ಲಿಂದಲೇ ತಮ್ಮ ವಿಶ್ವಾಸಿ,
ಕೆಳತುದಿಯವನು

ಮರೆತ ಮಾತು: ತಮ್ಮ ಕಚೇರಿ ನಾಲ್ಕನೆಯ ಮಹಡಿಗೆ ಹೋಗುತ್ತಿದ್ದು, ಸಾಗಿಸುವ ಕೆಲಸ ನಮಗೇ ಬಂದಿದೆ. ಬರುವ ಸೋಮವಾರ, ಗ್ರಂಥಗಳು ತುಂಬಿದ ತಮ್ಮ ಕಬ್ಬಿಣದ ಬೀರುವಿನ ಮೇಲ್ತುದಿಯನ್ನು ಭಾವನೇ ಹಿಡಿಯಲಿದ್ದಾರೆ, ಬೆಳಕನ್ನಷ್ಟೇ ಸೇವಿಸಿ. ನಾನು ಏಳಲಾರೆ. ಕೆಳತುದಿಯನ್ನು ತಮಗಾಗಿ ಕಾದಿರಿಸಲಾಗಿದೆ.