ವೆಂಡೆಲ್ ಪ್ರೌಟಿಯ ಅಹಂ ಸತ್ತ ಶನಿವಾರ

ಬೋರ್ಡಿನಲ್ಲಿ ಅವನ ಹೆಸರಿರಲಿಲ್ಲ. ಆದದ್ದು ಇಷ್ಟೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ವೆಂಡೆಲ್ ಪ್ರೌಟಿ ಪಿಯಾನೊ ಶ್ರುತಿ ಮಾಡುವ ಸಲಕರಣೆಗಳ ಚೀಲ ಹಿಡಿದು ಬಳಗದ ಮನೆಗೆ ಬಂದಾಗ, ರಸ್ತೆಗೆ ಮುಖ ಮಾಡಿ ಹೊಸ ಬೋರ್ಡೊಂದು ತೂಗುತ್ತಿತ್ತು. ಹಸಿರಿನ ಮೇಲೆ ಬಿಳಿ ಅಕ್ಷರ: ‘ತೆರೆದ ಬಾಗಿಲು ಬಳಗ. ಸ್ಥಾಪಕರು: ಲೈಲ್ ಹ್ಯಾಸ್ಕಿನ್ಸ್.’ ಅದರ ಕೆಳಗೆ ಒಂದು ಗೇಣು ಖಾಲಿ ಜಾಗ.

ವೆಂಡೆಲ್ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದ. ತಪ್ಪು ಕನ್ನಡಕದ್ದಾಗಿರಲಿಲ್ಲ.

ಕ್ಯಾಲಿಫೋರ್ನಿಯಾದ ಉತ್ತರದ ಕಾಡುಸೀಮೆಯ ಆಲ್ಡರ್ ಫೋರ್ಕ್ ಎಂಬ ಆ ಊರಿನಲ್ಲಿ ಪಿಯಾನೊ ಕಡಿಮೆ, ಅಣಬೆ ಹೆಚ್ಚು. ಹತ್ತು ವರ್ಷದ ಹಿಂದೆ ಹೆಂಡತಿ ಥೆಲ್ಮಾ ತೀರಿಕೊಂಡ ಮೇಲೆ ವೆಂಡೆಲ್ ಊಟ ಬಿಟ್ಟ, ಮಾತು ಬಿಟ್ಟ, ಕೊನೆಗೆ ಗಡ್ಡ ಬಿಟ್ಟ. ಆಗ ಅವನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಕೊಟ್ಟಿಗೆಯಲ್ಲಿ ಕೂರಿಸಿ, ಕಾಣದ್ದನ್ನು ಕಾಣಿಸುವ ಕಾಡಣಬೆಯ ಕಷಾಯ ಕುಡಿಸಿ, ತಾನೂ ಕುಡಿದು, ಪಕ್ಕದಲ್ಲಿ ಕಂಬಳಿ ಹೊದ್ದು ಕೂತವನು ಜೇನು ಸಾಕುವ ಗೆಳೆಯ ಲೈಲ್. ಅಂದು ಆ ಕೊಟ್ಟಿಗೆಯಲ್ಲಿ ಒಂದು ಧ್ವನಿ ಕೇಳಿಸಿತಂತೆ: ‘ಬಾಗಿಲು ತೆರೆದಿಡು, ಬರುವವರು ಬರಲಿ.’ ವಾರದೊಳಗೆ ಇಬ್ಬರೂ ಸೇರಿ ಬಳಗ ಕಟ್ಟಿದರು. ದುಃಖ ತುಂಬಿದವರು, ನಿದ್ದೆ ಬಾರದವರು, ಯುದ್ಧ ಮುಗಿಸಿ ಬಂದವರು, ಬರೀ ಕುತೂಹಲಕ್ಕೆ ಬಂದವರು, ಹೀಗೆ ಒಬ್ಬೊಬ್ಬರಾಗಿ ಸೇರಿ ಮೂವತ್ತನಾಲ್ಕು ಜನರಾದರು. ತಿಂಗಳಿಗೊಮ್ಮೆ ಕಷಾಯದ ಕೂಟ. ಪ್ರತಿ ಗುರುವಾರ, ಅದರಲ್ಲಿ ಕಂಡದ್ದನ್ನು ಹೇಳಿಕೊಳ್ಳುವ ಮಾತಿನ ಕೂಟ.

ಏಳನೆಯ ವಾರ್ಷಿಕೋತ್ಸವದಲ್ಲಿ ಎಲ್ಲ ಕೆಟ್ಟಿತು. ವೆಂಡೆಲ್ ಭಾಷಣದ ನಡುವೆ ‘ನನಗೆ ಕೇಳಿಸಿದ ಆ ಧ್ವನಿ’ ಅಂದ. ಲೈಲ್ ಎದ್ದು ನಿಂತು ‘ನಿನಗಲ್ಲ, ನನಗೆ’ ಅಂದ. ಅಹಂಕಾರ ಕರಗಿಸಲೆಂದು ಕಟ್ಟಿದ ಮನೆಯಲ್ಲಿ ಇಬ್ಬರು ಮುದುಕರು ಹುಂಜಗಳ ಹಾಗೆ ಕತ್ತು ನಿಮಿರಿಸಿ ಅರ್ಧ ಗಂಟೆ ಕಿತ್ತಾಡಿದರು. ಮರುದಿನ ಲೈಲ್ ಬಳಗ ಬಿಟ್ಟು ಬೆಟ್ಟದಾಚೆ ಮನೆ ಮಾಡಿದ. ಮೂರು ವರ್ಷವಾಯಿತು, ಮಾತಿಲ್ಲ.

ಅಂದಿನಿಂದ ಗುರುವಾರದ ಕೂಟಗಳಲ್ಲಿ ಅಹಂಕಾರದ ಪಾಠ ಹೇಳುವ ಕೆಲಸ ವೆಂಡೆಲನದೇ. “ನಾನು ಅನ್ನೋದು ಕೆಸರಿನ ಬೂಟಿದ್ದ ಹಾಗೆ. ಹೊಸಿಲ ಹೊರಗೇ ಬಿಚ್ಚಿಟ್ಟು ಬನ್ನಿ” ಅನ್ನುತ್ತಿದ್ದ. ಇಂಥವನು ಬೋರ್ಡಿನಲ್ಲಿ ನನ್ನ ಹೆಸರೆಲ್ಲಿ ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅರ್ಧ ಗಂಟೆ ಒದ್ದಾಡಿ, ಕೊನೆಗೆ ಇನೆಜ್‌ಗೆ ಫೋನ್ ಮಾಡಿದ.

“ಇನೆಜ್, ಬೋರ್ಡು ಚೆನ್ನಾಗಿ ಬಂದಿದೆ.”

“ಸಂತೋಷ.”

“ಹಸಿರು ಸ್ವಲ್ಪ ಜಾಸ್ತಿ ಆಯ್ತೇನೋ.”

“ಹೌದಾ.”

“ಕೆಳಗಡೆ ಒಂದಿಷ್ಟು ಜಾಗ ಖಾಲಿ ಉಳ್ಕೊಂಡಿದೆ. ಪೇಂಟರ್ ಏನಾದ್ರೂ ಮರೆತುಬಿಟ್ಟನೋ ಹೇಗೆ...”

ಇನೆಜ್ ಎಪ್ಪತ್ತರ ಹೆಂಗಸು, ಬಳಗದ ಕಾರ್ಯದರ್ಶಿ. ನಲವತ್ತು ವರ್ಷ ಹಲ್ಲಿನ ಡಾಕ್ಟರ ಹತ್ತಿರ ನರ್ಸಾಗಿದ್ದವಳು. ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂಬುದು ಅವಳಿಗೆ ಮುಟ್ಟದೆಯೇ ತಿಳಿಯುತ್ತಿತ್ತು.

“ನೋಯ್ತಾ ಇದೆಯಾ ವೆಂಡೆಲ್?”

“ನನಗಾ? ನನಗ್ಯಾಕೆ ನೋಯುತ್ತೆ? ನಾನು ಹೇಳಿದ್ದು ಬಣ್ಣದ ವಿಷಯ.”

“ಎರಡು ಗಂಟೆಗೆ ಸಭೆ ಇದೆಯಲ್ಲ, ಅಲ್ಲಿ ಎಲ್ಲಾ ಹೇಳ್ತೀನಿ. ಅಲ್ಲೀವರೆಗೂ ಸುಮ್ನಿರಪ್ಪಾ. ಉಸಿರಿನ ಮೇಲೆ ಗಮನ ಇಟ್ಕೋ.”

ಅವಳು ಪಾಪ, ಒಬ್ಬರಿಗೆ ಮಾತ್ರ ಹೇಳಿದಳು. ಆ ಒಬ್ಬರು ಬೇಕರಿಯಾಕೆ. ಒಂಬತ್ತು ಗಂಟೆಯ ಹೊತ್ತಿಗೆ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು. “ವೆಂಡೆಲ್, ಅಹಂ ಎದ್ದಿದೆಯಂತೆ? ಈಗ ಹೇಗಿದೆ?” ಎಂದು ಜ್ವರ ವಿಚಾರಿಸುವ ಹಾಗೆ ಜನ ಫೋನ್ ಮಾಡತೊಡಗಿದರು. ಬೇಕರಿಯಾಕೆ ಒಂದು ಫ್ಲಾಸ್ಕು ಹೂವಿನ ಚಹಾ ಕಳಿಸಿದಳು. ಅಂಚೆಯವನು ಚೀಲ ಕೆಳಗಿಟ್ಟು, ಅವನನ್ನು ಅಪ್ಪಿಕೊಂಡು, “ಹೊರಗೆ ಬಿಟ್ಬಿಡು, ಹೊರಗೆ ಬಿಟ್ಬಿಡು” ಎಂದು ಬೆನ್ನು ಸವರಿದ. ಏನನ್ನು ಹೊರಗೆ ಬಿಡಬೇಕೆಂದು ತಿಳಿಯದೆ ವೆಂಡೆಲ್ ಒಂದು ತೇಗು ಬಿಟ್ಟ.

“ಹಾಂ, ಹಗುರ ಆಯ್ತು ನೋಡು!” ಎಂದು ಅಂಚೆಯವನು ಹೊರಟುಹೋದ.

ಹಗುರವಾಗುವುದಿರಲಿ, ಪ್ರತಿ ಸಾಂತ್ವನಕ್ಕೂ ಅವನ ಹೊಟ್ಟೆಯೊಳಗಿನ ಕೆಂಡ ಇನ್ನಷ್ಟು ನಿಗಿನಿಗಿ ಎನ್ನುತ್ತಿತ್ತು. ತನ್ನ ಹೆಸರು ಬೇಕೆಂದು ಅವನು ಹೇಳುವಂತಿಲ್ಲ, ಅದು ಅಹಂಕಾರ. ಆದರೆ ಯಾರ ಹೆಸರೂ ಬೇಡ ಅನ್ನಬಹುದಲ್ಲ? ಅದು ಸಮಾನತೆ! ಈ ಹೊಳಹು ಬಂದ ಕೂಡಲೇ ಅವನ ಮುಖ ಅರಳಿತು. ಪಕ್ಕದ ಮನೆಯ ಮಾರ್ವಾ ಹತ್ತಿರ ಹೋಗಿ ಏಣಿ ಕೇಳಿದ.

ಮಾರ್ವಾ ಆಡು ಸಾಕಿಕೊಂಡಿದ್ದ ವಿಧವೆ. ಬಳಗದವಳಲ್ಲ, ಆದರೆ ಬಳಗದಲ್ಲಿ ಏನು ನಡೆದರೂ ಬೇಲಿಯ ಮೇಲಿಂದ ಅವಳು ನೋಡಿರಲೇಬೇಕು.

“ಏಣಿ ಯಾಕಯ್ಯಾ?”

“ಬೋರ್ಡಿನ ಮೇಲೆ ಧೂಳು ಕೂತಿದೆ.”

“ನಿನ್ನೆ ಸಂಜೆ ತಗಲಿಸಿದ ಬೋರ್ಡಿಗೆ ಇಷ್ಟು ಬೇಗ ಧೂಳಾ?” ಎಂದು ಅವಳು ಅವನ ಕೈಯಲ್ಲಿದ್ದ ಡಬ್ಬಿ ನೋಡಿದಳು. “ಮತ್ತೆ ಈ ಹಸಿರು ಬಣ್ಣ? ಧೂಳಿಗೆ ಬಳಿಯೋಕಾ?”

ವೆಂಡೆಲ್ ಕೇಳಿಸದವನ ಹಾಗೆ ಏಣಿ ಹೊತ್ತುಕೊಂಡು ನಡೆದ.

ಲೈಲ್ ಎಂಬ ಹೆಸರು ಕುಂಚದ ಒಂದೇ ಏಟಿಗೆ ಮುಚ್ಚಿಹೋಯಿತು. ಹ್ಯಾಸ್ಕಿನ್ಸ್‌ಗೆ ಎರಡು ಏಟು ಬೇಕಾಯಿತು. ಆದರೆ ಬೋರ್ಡಿನ ಹಸಿರು ಪಾಚಿಯಂಥದು, ಇವನ ಹಸಿರು ಗಿಳಿಯಂಥದು. ‘ಸ್ಥಾಪಕರು’ ಎಂಬುದರ ಮುಂದೆ ದೊಡ್ಡದೊಂದು ಗಿಳಿ ಕೂತ ಹಾಗೆ ಕಾಣತೊಡಗಿತು. ಸರಿ, ಅದನ್ನೂ ಮುಚ್ಚಿದ. ಬಣ್ಣ ಇಳಿದು ‘ಬಳಗ’ವನ್ನು ನುಂಗಿತು. ಅದನ್ನು ಒರೆಸಲು ಹೋಗಿ ಮೊಣಕೈಯಿಂದ ‘ಬಾಗಿಲು’ ಅಳಿಸಿದ. ಕೊನೆಗೆ ಉಳಿದದ್ದು ‘ತೆರೆದ’ ಎಂಬ ಒಂದೇ ಮಾತು.

“ಅಷ್ಟು ಸಾಕು ಬಿಡಯ್ಯಾ, ಅಂಗಡಿ ಅಂದ್ಕೊಂಡು ಜನ ಬರ್ತಾರೆ!” ಬೇಲಿಯಾಚೆಯಿಂದ ಮಾರ್ವಾ ಕೂಗಿದಳು.

ಉತ್ತರ ಕೊಡಲು ಅವನು ಹಿಂದಕ್ಕೆ ತಿರುಗಿದ್ದೇ ತಪ್ಪಾಯಿತು. ಏಣಿ ಒಂದು ಕಡೆ ಹೋಯಿತು, ಡಬ್ಬಿ ಒಂದು ಕಡೆ ಹೋಯಿತು. ವೆಂಡೆಲ್ ಬೋರ್ಡನ್ನೇ ತಬ್ಬಿಕೊಂಡು ಒಂದು ಕ್ಷಣ ತೂಗಾಡಿ, ಅದರ ಸಮೇತ ಮುಳ್ಳಿನ ಪೊದೆಯೊಳಗೆ ಬಿದ್ದ.

ಅವನನ್ನು ಹೊರಗೆಳೆಯಲು ಮಾರ್ವಾ, ಅಂಚೆಯವನು, ಎರಡು ಆಡು ಬೇಕಾದವು. ಆಡುಗಳು ಬಂದದ್ದು ಅವನಿಗಾಗಿಯಲ್ಲ, ಪೊದೆಯ ಎಲೆಗಾಗಿ.

ಎರಡು ಗಂಟೆಯ ಸಭೆಗೆ ವೆಂಡೆಲ್ ಬಂದಾಗ ಅಂಗೈಗೆ ಪಟ್ಟಿ ಕಟ್ಟಿತ್ತು, ಒಂದು ಕಿವಿ ಹಸಿರಾಗಿತ್ತು. ಮೂವತ್ತಮೂರು ಜನ ವೃತ್ತವಾಗಿ ನೆಲದ ಮೇಲೆ ಕೂತು ಅವನನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಇನೆಜ್ ಯಾವುದೋ ಕಾಗದ ಬಿಡಿಸುವಷ್ಟರಲ್ಲಿ ಅವನು ಎದ್ದು ನಿಂತ.

“ಬೋರ್ಡು ಕೆಡಿಸಿದ್ದು ನಾನೇ. ಧೂಳು ಗೀಳು ಎಲ್ಲಾ ಸುಳ್ಳು. ಲೈಲ್ ಹೆಸರು ನೋಡಿ ನನಗೆ ಹೊಟ್ಟೆ ಉರೀತು. ಮೂರು ವರ್ಷದಿಂದ ನಿಮಗೆ ಬಿಡಿ ಬಿಡಿ ಅಂತ ಹೇಳ್ತಾ ಬಂದೆ. ನಾನು ಮಾತ್ರ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಇದ್ದ ಒಬ್ಬ ಗೆಳೆಯನ್ನ ಕಳ್ಕೊಂಡೆ. ಇವತ್ತು ಅವನ ಹೆಸರನ್ನೂ ಅಳಿಸಿದೆ.”

ಅವನು ಪಟ್ಟಿ ಕಟ್ಟಿದ ಅಂಗೈಯಲ್ಲಿ ಮುಖ ಮುಚ್ಚಿ ಅತ್ತುಬಿಟ್ಟ. ಅದು ನಟನೆಯಲ್ಲ. ಮೂಲೆಯಲ್ಲಿ ಯಾರೋ ಬಿಕ್ಕಿದರು. ಇನ್ನಾರೋ ಮೆಲ್ಲಗೆ ತಮಟೆ ತಟ್ಟತೊಡಗಿದರು. ಜನ ಒಬ್ಬೊಬ್ಬರಾಗಿ ಎದ್ದು ಬಂದು ಅವನನ್ನು ಅಪ್ಪಿಕೊಂಡರು. ಬೇಕರಿಯಾಕೆ “ಇಂಥ ಮಾತು ಕಷಾಯ ಕುಡಿದವರ ಬಾಯಲ್ಲೂ ಕೇಳಿಲ್ಲ” ಎಂದು ಕಣ್ಣೊರೆಸಿಕೊಂಡಳು. ಆ ಮೂವತ್ತಮೂರು ಅಪ್ಪುಗೆಗಳ ನಡುವೆ ವೆಂಡೆಲನ ಮನಸ್ಸಿನಲ್ಲಿ ಒಂದು ಮಾತು ಸುಳಿಯಿತು: ಇಂದು ನನ್ನ ಅಹಂ ಸತ್ತಿತು. ಇಷ್ಟು ಚೆನ್ನಾಗಿ ಈ ಊರಿನಲ್ಲಿ ಬೇರೆ ಯಾರದೂ ಸತ್ತಿಲ್ಲ.

ಎಲ್ಲರೂ ಚದುರಿದ ಮೇಲೆ ಇನೆಜ್ ಅವನನ್ನು ಕಿಟಕಿಯ ಬಳಿ ಕರೆದು ಕಾಗದವನ್ನು ಕೈಗಿತ್ತಳು. ಲೈಲ್‌ನ ಕೈಬರಹ.

‘ಬೋರ್ಡು ಮಾಡಿಸುತ್ತಿದ್ದೀರೆಂದು ಕೇಳಿದೆ. ವೆಂಡೆಲ್ ಹೆಸರೊಂದೇ ಹಾಕಿಸಿ. ಧ್ವನಿ ಕೇಳಿಸಿದ್ದು ಅವನಿಗೇ. ನಾನು ಆಗ ನಿದ್ದೆ ಹೋಗಿದ್ದೆ. ನಾಚಿಕೆಯಿಂದ ಇಷ್ಟು ದಿನ ಹೇಳಲಿಲ್ಲ. ಶನಿವಾರ ಬರುತ್ತೇನೆ. ಅವನ ಪಕ್ಕದಲ್ಲಿ ಕೂರುವ ಆಸೆಯಿದೆ.’

“ಇಷ್ಟು ಬರೆಯೋನು ಸ್ಥಾಪಕ ಅಲ್ದೆ ಇನ್ನೇನು ಅಂತ ಅವನ ಹೆಸರು ಮೊದಲು ಬರೆಸಿದೆ” ಎಂದಳು ಇನೆಜ್. “ಕೆಳಗಿನ ಜಾಗ ನಿಂದೇ ಕಣಪ್ಪಾ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಇದನ್ನ ಓದಿ, ನಿನ್ನ ಹೆಸರನ್ನ ಅವನ ಕೈಲೇ ಬರೆಸೋಣ ಅಂದ್ಕೊಂಡಿದ್ದೆ. ಯಾಕೋ ಅವನು ಬರ್ಲೇ ಇಲ್ಲ.”

“ಬರ್ಲಿಲ್ಲ ಅಂತ ಯಾರು ಹೇಳಿದ್ದು?” ಏಣಿ ವಾಪಸು ಕೇಳಲು ಬಂದ ಮಾರ್ವಾ ಬಾಗಿಲಲ್ಲಿ ನಿಂತಿದ್ದಳು. “ಹತ್ತೂವರೆಗೇ ಬಂದಿದ್ನಲ್ಲ. ಪಿಕಪ್ ನಿಲ್ಲಿಸಿ, ಅವನೇನು ಮಾಡ್ತಿದಾನೆ ಮೇಲೆ ಅಂತ ಕೇಳಿದ. ನಿನ್ನ ಹೆಸರು ಅಳಿಸ್ತಿದಾನೆ ಅಂದೆ. ಸ್ವಲ್ಪ ಹೊತ್ತು ನೋಡ್ದ, ಹೊರಟುಹೋದ.”

“ಅಯ್ಯೋ, ನನಗೆ ಹೇಳ್ಬಾರದಿತ್ತಾ ಮಾರ್ವಾ!” ಎಂದ ವೆಂಡೆಲ್.

“ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ನೀನು ಪೊದೆಯೊಳಗಿದ್ದೆ.”

ವೆಂಡೆಲ್ ವ್ಯಾನು ಹತ್ತಿದ. ಬೆಟ್ಟದ ದಾರಿಯಲ್ಲಿ ಸೇತುವೆಯ ಪಕ್ಕದ ಹೋಟೆಲಿನೆದುರು ಲೈಲ್‌ನ ಪಿಕಪ್ ನಿಂತಿತ್ತು. ಒಳಗೆ ಲೈಲ್ ಒಂದು ತುಂಡು ಹಣ್ಣಿನ ಪೈ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ. ಮೂರು ವರ್ಷದಲ್ಲಿ ತುಂಬ ಬಡವಾಗಿದ್ದ. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದನೆಂದು ಅವನ ಮುಂದಿನ ಖಾಲಿ ಕಾಫಿ ಲೋಟಗಳು ಹೇಳುತ್ತಿದ್ದವು.

“ಲೈಲ್.”

ಲೈಲ್ ತಲೆಯೆತ್ತಿ ನೋಡಿದ. “ಕಿವಿ ಹಸಿರಾಗಿದೆ ಕಣೋ.”

“ಗೊತ್ತು.”

“ಕೂತ್ಕೋ.”

ವೆಂಡೆಲ್ ಕೂತ. ಲೈಲ್ ಪೈಯನ್ನು ಚಮಚದಿಂದ ಎರಡು ಮಾಡಿ ತಟ್ಟೆಯನ್ನು ನಡುವೆ ತಳ್ಳಿದ.

“ಕಾಗದ ಓದ್ದೆ” ಎಂದ ವೆಂಡೆಲ್. “ನೀನು ಅವತ್ತು ನಿದ್ದೆ ಮಾಡ್ಲಿಲ್ಲ. ನಾನು ಥೆಲ್ಮಾ ಥೆಲ್ಮಾ ಅಂತ ಅಳ್ತಾ ಇದ್ದೆ. ಬೆಳಗಾಗೋವರೆಗೂ ನಿನ್ನ ಕೈ ನನ್ನ ಬೆನ್ನ ಮೇಲಿತ್ತು. ನನಗೇನೂ ಕೇಳಿಸ್ಲಿಲ್ಲ. ಧ್ವನಿ ಕೇಳಿಸಿದ್ದು ನಿನಗೆ. ಬೆಳಿಗ್ಗೆ ನೀನೇ ಹೇಳಿದ್ದು. ಅದನ್ನ ನಾನು ನನ್ನದು ಮಾಡ್ಕೊಂಡೆ. ತಪ್ಪು ನಂದು.”

ಲೈಲ್‌ನ ಕಣ್ಣು ತುಂಬಿತು. “ಇಲ್ಲ ಕಣೋ. ತಪ್ಪು ನಂದು. ಕೇಳಿಸಿದ್ದು ನಿನಗೇ.”

“ನಿನಗೇ ಕಣೋ.”

“ಅಲ್ಲಪ್ಪಾ, ನಿನಗೆ.”

“ಹಟ ಮಾಡ್ಬೇಡ. ನಿನಗೆ ಕೇಳಿಸಿದ್ದು ಅಂತ ಒಪ್ಕೊಂಡಿದ್ದೀನಲ್ಲ!”

“ನೀನು ಒಪ್ಕೊಳ್ಳೋ ಮೊದ್ಲೇ ನಾನು ಒಪ್ಕೊಂಡಿದ್ದೀನಿ. ಕಾಗದದ ತಾರೀಖು ನೋಡು.”

“ನಾನು ಬಳಗದವರೆಲ್ಲರ ಮುಂದೆ ಒಪ್ಕೊಂಡೆ. ಅತ್ತು ಒಪ್ಕೊಂಡೆ!”

“ಅದೇ ಮತ್ತೆ! ನಿನಗೆ ಕ್ಷಮೆ ಕೇಳೋಕೂ ಸಭೆ ಸೇರ್ಬೇಕು. ನಾನು ಯಾರೂ ನೋಡದ ಹಾಗೆ ಕೇಳ್ದೆ.”

“ಲೈಲ್, ಸುಳ್ಳು ಹೇಳಿ ದೊಡ್ಡೋನಾಗ್ಬೇಡ.”

“ಯಾರೋ ದೊಡ್ಡೋನಾಗ್ತಿರೋದು? ನಾನು ಚಿಕ್ಕೋನಾಗ್ತಿದ್ದೀನಿ!”

“ನಾನೂ ಅದನ್ನೇ ಹೇಳ್ತಿರೋದು. ನನಗಿಂತ ಚಿಕ್ಕೋನಾಗ್ಬೇಕು ಅಂತ ನಿನಗೆ ಹಟ!”

ಹೋಟೆಲಿನವರೆಲ್ಲ ತಿರುಗಿ ನೋಡಿದರು. ಲೈಲ್ ಟೊಪ್ಪಿ ತಲೆಗೇರಿಸಿಕೊಂಡು ಎದ್ದ. ಕಾಫಿಯ ದುಡ್ಡು ಮೇಜಿನ ಮೇಲಿಟ್ಟು ಹೊರಟ.

ವೆಂಡೆಲ್ ಅವನ ಹಿಂದೆಯೇ ಹೊರಗೆ ಬಂದು ನಿಂತ. ಪಿಕಪ್ ಎಂಜಿನ್ ಗುರುಗುಟ್ಟಿತು, ಆದರೆ ಗಾಡಿ ಕದಲಲಿಲ್ಲ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ತನ್ನನ್ನೇ ಕಾಯುತ್ತಿದ್ದಾನೆಂದು ವೆಂಡೆಲ್‌ಗೆ ಗೊತ್ತಿತ್ತು. ಇಲ್ಲಿಯವರೆಗೂ ಹುಡುಕಿಕೊಂಡು ಬಂದದ್ದು ನಾನು, ಇಳಿದು ಬರುವುದಾದರೂ ಅವನಿಗಿರಲಿ ಎಂದುಕೊಂಡ. ಅಲ್ಲಿ ಕೂತವನೂ ಕಾಗದ ಬರೆದವನು ನಾನು ಎಂದುಕೊಂಡಿದ್ದನೋ ಏನೋ. ಕೆಂಪು ದೀಪ ಆರಿತು. ಪಿಕಪ್ ಸೇತುವೆ ದಾಟಿ ತಿರುವಿನಲ್ಲಿ ಮರೆಯಾಯಿತು. ಆಮೇಲೆ ವೆಂಡೆಲ್ ಓಡಿದ. ಸೇತುವೆಯ ಅರ್ಧದವರೆಗೆ ಓಡಿ, ಉಸಿರು ಕಟ್ಟಿ ನಿಂತು, ವಾಪಸು ಬಂದ.

ಒಳಗೆ ಬಂದು ಅದೇ ಮೇಜಿನ ಮುಂದೆ ಕೂತ. ಕಾಫಿ ಕೊಡುವ ಹುಡುಗಿ ಲೋಟ ತುಂಬಿಸುತ್ತ ಕೇಳಿದಳು:

“ಯಾಕೆ ತಾತಾ, ಅಷ್ಟೊಂದು ಜಗಳ? ಇಬ್ಬರ ಮಾತೂ ಒಂದೇ ಥರ ಇತ್ತಲ್ಲ?”

ವೆಂಡೆಲ್ ತಟ್ಟೆಯಲ್ಲಿ ಉಳಿದಿದ್ದ ಪೈಯ ಎರಡು ಅರ್ಧಗಳನ್ನು ನೋಡಿದ.

“ಅದಕ್ಕೇ ಕಣಮ್ಮಾ” ಎಂದ.