ಬೀಸುಕಲ್ಲಿಗೆ ಇಟ್ಟ ಕುಂಕುಮ

‘ಮುಟ್ಟಬೇಡಿ’ ಎಂದು ಬರೆದಿಟ್ಟ ಕಡೆಗೆ ನನ್ನಂಥ ಮುದುಕಿಯರನ್ನು ಕರೆದುಕೊಂಡು ಹೋಗಲೇಬಾರದು. ವಯಸ್ಸಾದ ಮೇಲೆ ತಲೆಗೆ ಅಷ್ಟಿಷ್ಟು ಬುದ್ಧಿ ಬಂದಿರಬಹುದು, ಕೈಗೆ ಬರುವುದು ಬಲು ತಡ. ಈಗಲೂ ನೋಡಿ, ಹೊಸದಾಗಿ ಕಲಿತ ಫೋನಿನಲ್ಲಿ ಬಲಗೈಯ ಒಂದು ಬೆರಳು ಈ ಅಕ್ಷರ ಒತ್ತುತ್ತಿದ್ದರೆ ಎಡಗೈ ತನ್ನ ಪಾಡಿಗೆ ಶೇಂಗಾ ಸುಲಿಯುತ್ತಿದೆ.

ನಾವು ದುಡಿಯಲು ಬಂದಿರುವ ಗೋವಾದ ಫೋಂಡಾದ ಹೊರಗೆ ಪೋರ್ತುಗೀಸರ ಕಾಲದ ಒಂದು ತೋಟದ ಮನೆ ಇದೆ. ಒಬ್ಬ ಜಮೀನ್ದಾರ ಬಾಳಿದ ಮನೆ. ಈಗ ಅವನ ಕುರ್ಚಿ, ಛತ್ರಿ, ಕಡೆಗೆ ಉಗುಳುವ ಪಾತ್ರೆಯ ಸಮೇತ ಮ್ಯೂಸಿಯಂ ಆಗಿದೆ. ನನ್ನ ಸೊಸೆ ರೇಣುಕಾ ಅಲ್ಲಿ ಕಸ ಗುಡಿಸಿ ನೆಲ ಒರೆಸುತ್ತಾಳೆ. ಮಳೆಗಾಲದಲ್ಲಿ ಮಗನಿಗೆ ಗೌಂಡಿ ಕೆಲಸ ಸಿಗುವುದಿಲ್ಲ. ಆಗ ನಮ್ಮ ಒಲೆ ಉರಿಯುವುದು ಅವಳ ಪಗಾರದಿಂದಲೇ.

ಶುಕ್ರವಾರ ಮ್ಯೂಸಿಯಂಗೆ ರಜೆ; ಅದನ್ನು ನಡೆಸುವ ಮೇಡಂ ಬರುವುದಿಲ್ಲ, ರೇಣುಕಾ ಒಬ್ಬಳೇ ಹೋಗಿ ಗುಡಿಸಿ ಬರುತ್ತಾಳೆ. ಒಂದು ಶುಕ್ರವಾರ ಬೆಳಿಗ್ಗೆ ನಾನೂ ಅವಳ ಹಿಂದೆ ಹೋದೆ. ಜಮೀನ್ದಾರನ ಮಂಚ ನೋಡಿದೆ. ಅವನೊಬ್ಬನೇ ಮಲಗುತ್ತಿದ್ದ ಅಷ್ಟು ಜಾಗದಲ್ಲಿ ನಮ್ಮ ಮನೆಮಂದಿಯೆಲ್ಲ ಮಲಗಿ, ಒಬ್ಬ ನೆಂಟನಿಗೂ ಚಾದರ ಹಾಸಬಹುದು. ಅಡಿಗೆಮನೆಗೆ ಬಂದರೆ ಮೂಲೆಯಲ್ಲಿ ಬೀಸುಕಲ್ಲು! ಥೇಟ್ ನನ್ನ ಅವ್ವನದರಂತೆ. ಶುಕ್ರವಾರವೂ ಬೋಳುಬೋಳಾಗಿ ಕೂತಿತ್ತು, ಪಾಪ. ಸಂಚಿ ಬಿಚ್ಚಿದೆ, ಅರಿಶಿಣ ಕಲಸಿ ಬಳಿದೆ, ನಡುವೆ ಕುಂಕುಮ ಇಟ್ಟೆ, ಕೈ ಮುಗಿದೆ.

“ಅಯ್ಯ ಅತ್ತೀ, ಏನ್ ಮಾಡಿಟ್ರಿ ಇದು! ನಾಳೆ ಮೇಡಂ ನೋಡಿದ್ರ ನನ್ನ ಕೆಲಸ ಹೋಗತೈತಿ!”

“ಒರಸಿಬಿಡವಾ.”

“ಶುಕ್ರವಾರ ದಿವಸ ಕುಂಕುಮ ಅಳಸಂತೀರೇನ್ರಿ? ನಾ ಮುತ್ತೈದಿ ಅದೀನಿ. ನೀವ ಇಟ್ಟೀರಿ, ನೀವ ಒರಸ್ರಿ.”

“ನಾ ಏನ್ ಮುತ್ತೈದಿ ಅಲ್ಲೇನ? ನಿಮ್ಮ ಮಾವಗ ಮೊದಲ ಕೆಮ್ಮು!”

ಇಬ್ಬರೂ ಒರೆಸಲಿಲ್ಲ. ಶನಿವಾರ ಬೆಳಿಗ್ಗೆ ಒದ್ದೆ ಅರಿವೆ ಹಿಡಿದು ಹೋದೆವು. ಅಷ್ಟರಲ್ಲಿ ಅರಿಶಿಣ ಕಲ್ಲಿನ ತೂತುತೂತಿಗೂ ಇಳಿದು ಕೂತಿತ್ತು. ತಿಕ್ಕುವ ಮೊದಲೇ ಮೇಡಂ ಪ್ರವಾಸಿಗಳನ್ನು ಕರೆದುಕೊಂಡು ಬಂದೇಬಿಟ್ಟರು. ನಾನು ಬಾಗಿಲ ಹಿಂದೆ ಸರಿದೆ. ರೇಣುಕಾ ಒದ್ದೆ ಅರಿವೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಒಬ್ಬ ಪ್ರವಾಸಿ ಆ ಕೆಂಪು ಏನೆಂದು ಕೇಳಿದ. ಮೇಡಂ ಕಲ್ಲು ನೋಡಿದರು, ಪ್ರವಾಸಿಯನ್ನು ನೋಡಿದರು. ಅಷ್ಟು ಜನರೆದುರು ಗೊತ್ತಿಲ್ಲ ಎನ್ನಲು ಅವರಿಗೂ ಅಂಜಿಕೆ ಇರಬೇಕು. ಈ ತೋಟದಲ್ಲಿ ದುಡಿದ ಹೆಂಗಸರು ಕಲ್ಲನ್ನು ಪೂಜಿಸುತ್ತಿದ್ದರು, ಅದರ ಗುರುತು ಇಂದಿಗೂ ಉಳಿದಿದೆ ಎಂದು ಹಿಂದಿಯಲ್ಲಿ ಹೇಳಿಯೇಬಿಟ್ಟರು. ಎಲ್ಲರೂ ಫೋಟೊ ಹೊಡೆದುಕೊಂಡರು. ಸಂಜೆಯೊಳಗೆ ಕಲ್ಲಿನ ಸುತ್ತ ಹಗ್ಗ ಬಂತು. ಆ ಗುರುತು ಒಂಚೂರೂ ಮಾಸದಂತೆ ನೋಡಿಕೊಳ್ಳಬೇಕೆಂದು ರೇಣುಕಾಳಿಗೆ ತಾಕೀತೂ ಆಯಿತು.

ಪೇಚಾಟ ಮುಗಿಯಿತು ಎಂದುಕೊಂಡಿರೇನು? ಗೋವಾದ ಈ ಮಳೆ, ಈ ಥಂಡಿಯಲ್ಲಿ ಕುಂಕುಮ ಎಷ್ಟು ದಿನ ನಿಂತೀತು? ಈಗ ಗುರುವಾರ ಬಂತೆಂದರೆ ಸೊಸೆಯೇ ನನ್ನ ಸಂಚಿ ತುಂಬುತ್ತಾಳೆ. “ಅತ್ತೀ, ನಾಳೆ ಲಗೂನ ಏಳ್ರಿ. ಇತಿಹಾಸ ಮಾಸಾಕತ್ತೈತಿ.”

ಬೆಳಗಾಗುತ್ತಲೇ ನೋಯುವ ಮೊಣಕಾಲು ಎತ್ತಿ ಆ ಹಗ್ಗ ದಾಟುತ್ತೇನೆ. ಮುಟ್ಟಬಾರದು ಎಂಬ ಬುದ್ಧಿ ಕಡೆಗೂ ಕೈಗೆ ಬಂದಿದೆ. ಈಗ ಸೊಸೆ ಕೇಳಬೇಕಲ್ಲ!