ಹೂವಿನ ಅಂಗಿ ತೊಟ್ಟ ಬ್ಯಾಟರಿ

ಹಾಲಿನ ಪ್ಯಾಕೆಟ್ ತರಲೆಂದು ಬಾಗಿಲು ತೆರೆದ ಬದರಿನಾಥ, ತೆರೆದ ವೇಗದಲ್ಲೇ ಮುಚ್ಚಿದ. ಹೊರಗೆ ಎದುರುಮನೆಯ ಸುಬ್ರಾಯರ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಚಾರ್ಜಿಗೆ ಕೂತಿತ್ತು. ಅದಕ್ಕೆ ತೊಡಿಸಿದ್ದ ಹೂವಿನ ಬಟ್ಟೆಯ ಕವರು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು.

ಬೇರೆಯವರಾಗಿದ್ದರೆ ನೋಡಿ ಸುಮ್ಮನಾಗುತ್ತಿದ್ದರು. ಬದರಿನಾಥನ ಹೊಟ್ಟೆಪಾಡೇ ಬ್ಯಾಟರಿಯ ಪೆಟ್ಟಿಗೆ. ಅದು ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಮ್ಮಿನದೋ, ಗೋಡೆ ಎಷ್ಟು ದಪ್ಪ, ಒಳಗೆ ಕಾವೇರಿದರೆ ಗಾಳಿ ಎಲ್ಲಿಂದ ಹೊರಬೀಳಬೇಕು ಎಂದು ಕಂಪನಿಯಲ್ಲಿ ಕೂತು ನಕ್ಷೆ ಬರೆಯುವವನು ಅವನು. ಉಬ್ಬಿದ ಬ್ಯಾಟರಿ ಏನು ಮಾಡುತ್ತದೆಂದು ಪರೀಕ್ಷೆಯ ವಿಡಿಯೋಗಳಲ್ಲಿ ಕಣ್ಣಾರೆ ಕಂಡಿದ್ದ. ಅವತ್ತಿನಿಂದ ಬಸ್ಸಿನಲ್ಲೇ ಓಡಾಟ.

"ಜಯಾ, ಹೊರಗೆ ಕಾಲಿಡಬೇಡ. ವಾಸಲ್‌ನಲ್ಲೇ, ಬಾಗಿಲೆದುರಿಗೇ ಬಾಂಬ್ ಇದೆ."

"ಹಾಲೆಲ್ಲಿ ರೀ?" ಎಂದಳು ಹೆಂಡತಿ ಜಯಲಕ್ಷ್ಮೀ.

ಮೈಲಾಪೂರಿನ ಹಳೇ ಫ್ಲಾಟು, ಮೂರನೇ ಮಹಡಿ, ಇರುವುದೊಂದೇ ಬಾಗಿಲು. ಬೆಂಕಿ ಹತ್ತಿದರೆ ಗಂಡಹೆಂಡಿರ ಗತಿ ಗೋವಿಂದ. ಬದರಿನಾಥ ಬಟ್ಟೆ ಹರವುವ ಮಡಿಕೋಲು ಹಿಡಿದು, ಬಾಗಿಲ ಸಂದಿಯಿಂದ ಕೈ ಚಾಚಿ ಸ್ವಿಚ್ ಆರಿಸಲು ಹೋದ. ಕೋಲು ಸ್ವಿಚ್ಚಿನ ಬದಲು ಬ್ಯಾಟರಿಗೆ ತಾಗಿ, ಅದು ದೊಪ್ಪನೆ ಮಗುಚಿ ಬಿತ್ತು. ಬದರಿನಾಥ ಕಿಟಾರನೆ ಕಿರುಚಿಕೊಂಡ.

ಮೇಲಿನ ಮನೆಯಿಂದ ಅಸೋಸಿಯೇಷನ್ ಸೆಕ್ರೆಟರಿ ಮಧ್ವರಾಜ ಬಕೆಟ್ ನೀರು ಹಿಡಿದು ಓಡಿಬಂದರು.

"ನೀರು ಬೇಡ ಸಾರ್, ಕರೆಂಟು!" ಎಂದು ಬದರಿನಾಥ ಅಡ್ಡ ಬಂದ. ಬಕೆಟ್ಟಿನ ಅಷ್ಟೂ ನೀರು ಅವನ ನೆತ್ತಿಗೇ ಬಿತ್ತು. ಅಷ್ಟರಲ್ಲಿ ಮೆಟ್ಟಿಲ ತುಂಬ ಜನ ನೆರೆದಿದ್ದರು.

"ಈಗ ಯಾರ್ಯಾರೋ ಪೆಟ್ಟಿಗೆ ಡಿಸೈನ್ ಮಾಡ್ತಾರೆ ಸಾರ್. ತೂಕ ಕಮ್ಮಿ ಆಗ್ಲೀಂತ ಗೋಡೇನ ಅಪ್ಪಳಾಮ್ ಥರ ಮಾಡಿರ್ತಾನೆ, ಮುಟ್ಠಾಳ್," ಎಂದ ಬದರಿನಾಥ ನೀರು ಒರೆಸಿಕೊಳ್ಳುತ್ತ. ಎಲ್ಲರೂ ಒಂದೊಂದು ಮೆಟ್ಟಿಲು ಕೆಳಗಿಳಿದರು.

ಸುಬ್ರಾಯರ ಹೆಂಡತಿ ಚಂದ್ರಮತಿ ಸೌಟು ಹಿಡಿದೇ ಹೊರಬಂದರು. "ಎಂತದ್ದು ಬದರಿನಾಥ ರಾಯರೇ ಗಲಾಟೆ? ಉಬ್ಬಿದ್ದು ಬ್ಯಾಟರಿ ಅಲ್ಲ ಮಾರಾಯ್ರೆ, ಹತ್ತಿ. ಮಿಕ್ಸಿಗೆ ಹೊಲಿದ ಹಾಗೆ ಇದಕ್ಕೂ ಒಂದು ಕವರ್ ಹೊಲಿದೆ. ಪೆಟ್ಟು ತಾಗಬಾರದಲ್ಲ, ಹಳೇ ತಲೆದಿಂಬಿನ ಹತ್ತಿ ತುಂಬಿಸಿದ್ದು." ಹಾಗೆಂದು ಪ್ಲಗ್ ಕಿತ್ತು, ಕವರನ್ನು ಎಳೆದೇಬಿಟ್ಟರು.

ಬದರಿನಾಥ ಬಗ್ಗಿ ನೋಡಿದ. ದುಂಡು ಮೂಲೆ, ಬದಿಯಲ್ಲಿ ಎರಡೇ ಏಣು, ಅಡಿಯಲ್ಲಿ ಅವನ ಕಂಪನಿಯ ಮುದ್ರೆ. ತಾನೇ ಬರೆದ ಪೆಟ್ಟಿಗೆ. ತೂಕ ಇಳಿಸಲು ಗೋಡೆ ತೆಳ್ಳಗೆ ಮಾಡಿದವನೂ ತಾನೇ. ಪರೀಕ್ಷೆಯಲ್ಲಿ ಅದು ಪಾಸಾಗಿದ್ದು ನಿಜ, ಆದರೆ ದಡ ಮುಟ್ಟಿದ್ದು ಏದುಸಿರು ಬಿಡುತ್ತ.

"ಇದು ನಿಮ್ಮ ಕಂಪನೀದು ತಾನೇ ಸಾರ್?" ಎಂದರು ಮಧ್ವರಾಜ.

"ಕಂಪನೀದೇನು, ಇವರದ್ದೇ," ಎಂದಳು ಜಯಲಕ್ಷ್ಮೀ ಹೆಮ್ಮೆಯಿಂದ. "ಈ ಪೆಟ್ಟಿಗೆಗೇ ಆಫೀಸಲ್ಲಿ ಶಾಲು ಹೊದಿಸಿದ್ದು. ಫೋಟೋ ತೋರಿಸ್ಲಾ?"

ಮೆಟ್ಟಿಲ ಮೇಲಿನ ಭಯವೆಲ್ಲ ಒಮ್ಮೆಲೇ ಇಳಿಯಿತು. "ಮೊದ್ಲೇ ಹೇಳ್ಬಾರ್ದಾ ಸಾರ್? ಮಾಡಿದವರೇ ಪಕ್ಕದಲ್ಲಿದ್ರೆ ಇನ್ನೇನು ಬೇಕು. ಇನ್ಮೇಲೆ ಎಲ್ಲರೂ ಇಲ್ಲೇ ಚಾರ್ಜ್ ಮಾಡೋಣ," ಎಂದರು ಮಧ್ವರಾಜ.

ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಮುಚ್ಚಿಕೊಂಡರೆ ಪ್ರಾಣ. ಬದರಿನಾಥ ಮುಚ್ಚಿಕೊಂಡ.

ಕಟ್ಟಡದವರು ಒಂದೇ ಶೋರೂಮಿನಲ್ಲಿ ಒಟ್ಟಿಗೆ ಕೊಂಡಿದ್ದ ಸ್ಕೂಟರುಗಳ ಬ್ಯಾಟರಿಗಳೆಲ್ಲ ಸಂಜೆಯೊಳಗೆ ಅವನ ಬಾಗಿಲಿನ ಎರಡೂ ಬದಿಗೆ ಬಂದು ಕೂತವು. ಚಂದ್ರಮತಿ ಒಂದೊಂದಕ್ಕೂ ಕವರಿನ ಅಳತೆ ತೆಗೆದುಕೊಂಡರು. ಎಲ್ಲರೂ ನಿಶ್ಚಿಂತೆಯಿಂದ ತಂತಮ್ಮ ಮನೆ ಸೇರಿದರು. ಇಡೀ ಕಟ್ಟಡದಲ್ಲಿ ಈಗ ಹೆದರುತ್ತಿದ್ದವನು ಒಬ್ಬನೇ, ಆ ಪೆಟ್ಟಿಗೆಯ ಗೋಡೆ ಎಷ್ಟು ತೆಳುವೆಂದು ಗೊತ್ತಿದ್ದವನು.